ಸೋತ ಮೇಲಿನ ರಾಜಕೀಯ: ಕಡೂರಿನ ದತ್ತ ಮೇಷ್ಟ್ರು ಮತ್ತು ನಮ್ಮ ಎರಡು ಜಿಲ್ಲೆಯ ಮಾಜಿ ಶಾಸಕರು

ಕಡೂರು ಕ್ಷೇತ್ರದ ಲೆಕ್ಕ ಒಂದ್ಸಲ ನೋಡಿ. 2013ರಲ್ಲಿ ಗೆದ್ದವರು ಜೆಡಿಎಸ್‌ನ ವೈ.ಎಸ್.ವಿ. ದತ್ತ, 2018ರಲ್ಲಿ ಅವರನ್ನ ಸೋಲಿಸಿದವರು ಬಿಜೆಪಿಯ ಬೆಳ್ಳಿ ಪ್ರಕಾಶ್, 2023ರಲ್ಲಿ ಈ ಇಬ್ಬರನ್ನೂ ಸೋಲಿಸಿ ಗೆದ್ದವರು ಕಾಂಗ್ರೆಸ್ಸಿನ ಕೆ.ಎಸ್. ಆನಂದ್. ಅಲ್ಲಿಗೆ ಮುಗೀತಲ್ಲ ಅನ್ಕೊಂಡ್ರೆ, ಅದಾಗಿ ನಾಲ್ಕೇ ತಿಂಗಳಿಗೆ, 2023ರ ಸೆಪ್ಟೆಂಬರಲ್ಲಿ ಬಿಜೆಪಿ ಮತ್ತು ಜೆಡಿಎಸ್ ಮೈತ್ರಿ ಮಾಡ್ಕೊಂಡ್ವು. ಅಂದ್ರೆ ಹತ್ತು ವರ್ಷ ಒಬ್ಬರ ಮೇಲೊಬ್ಬರು ಭಾಷಣ ಮಾಡಿ ಓಟು ಕೇಳಿದ ಇಬ್ಬರ ಪಾರ್ಟಿಗಳೂ ಈಗ ಒಂದೇ ಕಡೆ ಕೂತಿವೆ, ಇರೋದು ಮಾತ್ರ ಒಂದೇ ಟಿಕೆಟ್.

ಇದು ಕಡೂರಿನ ಕಥೆ ಮಾತ್ರ ಅಲ್ಲ. ಹಾಸನ ಸಿಟಿ, ಬೇಲೂರು, ಸಕಲೇಶಪುರ, ಮೂಡಿಗೆರೆ ಎಲ್ಲಾ ಕಡೆ ಇದೇ ತರ ಸಿಕ್ಕಾಕೊಂಡಿರೋ ಮಾಜಿ ಶಾಸಕರಿದ್ದಾರೆ. ನಾವು ಸಾಮಾನ್ಯವಾಗಿ ಗೆದ್ದವರ ಬಗ್ಗೆನೇ ಮಾತಾಡ್ತೀವಿ, ಸೋತವರು ಮನೆಗೆ ಹೋದ್ರು ಅಂತ ಬಿಡ್ತೀವಿ, ಆದ್ರೆ ನಿಜವಾದ ರಾಜಕೀಯ ನಡೆಯೋದು ಆ ಐದು ವರ್ಷ ಮನೇಲಿ ಕೂತಿರೋ ಟೈಮಲ್ಲಿ. ಯಾವ ಪಾರ್ಟಿಗೆ ಹೋಗ್ಬೇಕು, ಯಾರ ಮನೆ ಮದುವೆಗೆ ಹೋಗ್ಬೇಕು, ಹುಡುಗರನ್ನ ಹೇಗೆ ಜೊತೇಲಿ ಇಟ್ಕೋಬೇಕು, ಇದೆಲ್ಲ ಆಗ ತೀರ್ಮಾನ ಆಗೋದು. ನನ್ನ ಪ್ರಕಾರ ಮೊದಲು ಮಾಜಿ ಆದವರಿಗೆ ಮೂರ್ನಾಲ್ಕು ದಾರಿ ಇರ್ತಿತ್ತು, 2023ರಿಂದ ಈಚೆಗೆ ಹಾಸನ-ಚಿಕ್ಕಮಗಳೂರು ಎರಡೂ ಕಡೆ ಆ ದಾರಿಗಳು ಒಂದೊಂದಾಗಿ ಮುಚ್ಚಿಕೊಳ್ತಿವೆ.

ದತ್ತ ಅವರ ಕಡೆಯಿಂದ್ಲೇ ನೋಡೋಣ, ಯಾಕಂದ್ರೆ ಅವರ ದಾರಿ ಎಲ್ಲರಿಗಿಂತ ಬೇರೆ. ಊರು ಕಡೂರು ತಾಲೂಕಿನ ಯಗಟಿ. ಬೆಂಗಳೂರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಗಣಿತ-ಫಿಸಿಕ್ಸ್ ಪಾಠ ಹೇಳಿ ಹೆಸರು ಮಾಡಿದವರು, ಇವತ್ತಿಗೂ ಎಷ್ಟೋ ಜನ ಅವರನ್ನ ಕರೆಯೋದು ಮೇಷ್ಟ್ರು ಅಂತಾನೇ. ದೇವೇಗೌಡರ ಜೊತೆ ದಶಕಗಳ ಒಡನಾಟ, ಅವರ ಮಾನಸಪುತ್ರ ಅಂತ ಪೇಪರಿನವರು ಬರೆದೂ ಬರೆದೂ ಅದೇ ಇನ್ನೊಂದು ಹೆಸರಾಗಿಬಿಟ್ಟಿತ್ತು. ವಿಧಾನ ಪರಿಷತ್ತಿಗೆ ಹೋಗಿದ್ದೂ ಆ ನಂಬಿಕೆ ಮೇಲೆನೇ. ಸದನದಲ್ಲಿ ಅವರು ಎದ್ದು ನಿಂತ್ರೆ ನಿಯಮಾವಳಿ, ಅಂಕಿ ಅಂಶ, ನಡುವೆ ಒಂದು ಚಾಟಿ ಮಾತು, ಹೀಗೆ ಬೇರೆ ಪಾರ್ಟಿಯವರೂ ಕೂತು ಕೇಳೋ ತರ ಮಾತಾಡ್ತಿದ್ರು.

ಆದ್ರೆ ಕಡೂರಿನಲ್ಲಿ ಓಟು ತಗೊಳ್ಳೋದು ಸದನದ ಭಾಷಣದಿಂದ ಅಲ್ಲ. ಚಿಕ್ಕಮಗಳೂರು ಜಿಲ್ಲೆ ಅಂದ್ರೆ ಹೊರಗಿನವರಿಗೆ ಕಾಫಿ ತೋಟ, ಮುಳ್ಳಯ್ಯನಗಿರಿ, ಮಂಜು ಅಷ್ಟೇ ಕಾಣ್ಸೋದು, ಕಡೂರು ಅದೇ ಜಿಲ್ಲೆಯಲ್ಲಿದ್ರೂ ಬಯಲುಸೀಮೆ. ರಾಗಿ, ಈರುಳ್ಳಿ, ತೆಂಗು, ಮಳೆ ಕೈಕೊಟ್ರೆ ಟ್ಯಾಂಕರ್ ನೀರು. ಮದಗದಕೆರೆ ತುಂಬಿತಾ ಅಯ್ಯನಕೆರೆ ಕೋಡಿ ಬಿತ್ತಾ ಅನ್ನೋದೇ ಇಲ್ಲಿ ದೊಡ್ಡ ಸುದ್ದಿ, ಭದ್ರಾ ಮೇಲ್ದಂಡೆ ನೀರು ಬರುತ್ತೆ ಬರುತ್ತೆ ಅಂತ ಕೇಳಿ ಕೇಳಿ ಒಂದು ತಲೆಮಾರೇ ಕಳೀತು. ಜಾತಿ ಲೆಕ್ಕದಲ್ಲಿ ಲಿಂಗಾಯತ, ಕುರುಬ ಮತಗಳು ಜಾಸ್ತಿ ಇರೋ ಕ್ಷೇತ್ರ. ಇಂಥಾ ಕಡೆ ಒಬ್ಬ ಬ್ರಾಹ್ಮಣ ಕ್ಯಾಂಡಿಡೇಟ್, ಅದೂ ದುಡ್ಡು ಸುರಿಯೋ ತಾಕತ್ತಿಲ್ಲದ ಮೇಷ್ಟ್ರು, ಹೇಗೆ ಗೆದ್ರು?

ಎರಡು ಕಾರಣ ಅನ್ಸುತ್ತೆ. ಒಂದು, ದೇವೇಗೌಡರ ಹೆಸರು ಮತ್ತು ಜೆಡಿಎಸ್‌ನ ಗಟ್ಟಿ ಓಟು. ಇನ್ನೊಂದನ್ನ ಅವರ ಅಭಿಮಾನಿಗಳು ಒಪ್ಪಲ್ಲ, 2013 ಅಂದ್ರೆ ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದ ವರ್ಷ, ರಾಜ್ಯದ ತುಂಬ ಬಿಜೆಪಿ ಓಟು ಒಡೆದು ಆ ಪಾರ್ಟಿ 40 ಸೀಟಿಗೆ ಇಳಿದಿತ್ತು. 2018ರ ಹೊತ್ತಿಗೆ ಯಡಿಯೂರಪ್ಪ ವಾಪಸ್ ಬಂದಿದ್ರು, ಒಡೆದ ಓಟು ಕೂಡ್ಕೊಂಡಿತ್ತು, ಕಡೂರಲ್ಲಿ ಲಿಂಗಾಯತ ಕ್ಯಾಂಡಿಡೇಟ್ ಇದ್ರು, ದತ್ತ ಸೋತ್ರು. ಐದು ವರ್ಷದ ಕೆಲಸ ಚೆನ್ನಾಗಿತ್ತೋ ಇಲ್ವೋ ಅನ್ನೋ ಚರ್ಚೆಗೆ ಅಲ್ಲಿ ಜಾಗವೇ ಇರ್ಲಿಲ್ಲ. ಒಳ್ಳೆ ಶಾಸಕ, ಆದ್ರೆ ಸೋತ್ರು ಅಂತ ಜನ ಬೇಜಾರು ಮಾಡ್ಕೋತಾರಲ್ಲ, ಆ ಮಾತಲ್ಲಿ ಅರ್ಧ ಮಾತ್ರ ಸತ್ಯ. ಗೆದ್ದಿದ್ದರಲ್ಲೂ ಒಳ್ಳೆತನದ ಪಾಲು ಅಷ್ಟು ದೊಡ್ಡದಿರ್ಲಿಲ್ಲ.

ಸೋತ ಮೇಲೆ ಅವರು ಮಾಡಿದ ಒಂದು ಕೆಲಸ ಮಾತ್ರ ನಂಗೆ ಇಷ್ಟ ಆಗಿದ್ದು. 2020ರ ಲಾಕ್‌ಡೌನ್ ಟೈಮಲ್ಲಿ ಶಾಲೆ ಮುಚ್ಚಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಯಾವಾಗ ಅಂತ ಮಕ್ಕಳು ಒದ್ದಾಡ್ತಿದ್ದಾಗ ಫೇಸ್‌ಬುಕ್ ಲೈವಲ್ಲಿ ಬೋರ್ಡ್ ಇಟ್ಕೊಂಡು ಪಾಠ ಶುರು ಮಾಡಿದ್ರು. ಮಾಜಿ ಶಾಸಕರು ರೇಷನ್ ಕಿಟ್ ಹಂಚಿ ಫೋಟೋ ಹಾಕ್ತಿದ್ದ ಕಾಲದಲ್ಲಿ ಒಬ್ಬರು ತಮಗೆ ಗೊತ್ತಿರೋ ಕಸುಬನ್ನೇ ಮಾಡಿದ್ರು. ರಾಜ್ಯದ ಎಲ್ಲಾ ಕಡೆಯ ಮಕ್ಕಳು ನೋಡಿದ್ರು, ಹೆಸರೂ ಬಂತು. ಓಟು ಬಂತಾ ಅಂದ್ರೆ ಬರ್ಲಿಲ್ಲ, ಬೀದರಿನ ಮಗು ಕಡೂರಲ್ಲಿ ಓಟು ಹಾಕಲ್ವಲ್ಲ.

ಆಮೇಲೆ ಬಂತು 2023. ಜನವರಿಯಲ್ಲಿ ದತ್ತ ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದ್ರು. ಇಷ್ಟು ವರ್ಷ ಗೌಡರ ಮನೆಯ ಮಗನ ತರ ಇದ್ದವರು ಹೋದ್ರು ಅಂದಾಗ ದೊಡ್ಡ ಸುದ್ದಿ ಆಯ್ತು. ಲೆಕ್ಕ ತಪ್ಪೇನಲ್ಲ, ಜೆಡಿಎಸ್ ಒಂದರ ಓಟಲ್ಲಿ ಕಡೂರು ಗೆಲ್ಲೋಕಾಗಲ್ಲ ಅನ್ನೋದು 2018ರಲ್ಲೇ ಗೊತ್ತಾಗಿತ್ತು. ಆದ್ರೆ ಏಪ್ರಿಲ್ಲಲ್ಲಿ ಕಾಂಗ್ರೆಸ್ ಲಿಸ್ಟ್ ಬಂದಾಗ ಹೆಸರಿದ್ದಿದ್ದು ಕೆ.ಎಸ್. ಆನಂದ್ ಅವರದು. ದತ್ತ ಅವರಿಗೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಕೆಲವೇ ದಿನದಲ್ಲಿ ದೇವೇಗೌಡರ ಮಗ ರೇವಣ್ಣ ಯಗಟಿ ಮನೆಗೆ ಹೋದ್ರು, ಜೆಡಿಎಸ್ ಅಷ್ಟರಲ್ಲಾಗ್ಲೇ ಬೇರೆಯವರ ಹೆಸರು ಹೇಳಿಯಾಗಿತ್ತು, ಅವರನ್ನ ಪಕ್ಕಕ್ಕೆ ಸರಿಸಿ ಟಿಕೆಟ್ ದತ್ತಗೆ ಕೊಟ್ರು. ಮೂರು ತಿಂಗಳಲ್ಲಿ ಎರಡು ಸಲ ಪಾರ್ಟಿ ಬದಲು. ರಿಸಲ್ಟ್ ಬಂದಾಗ ಮೂರನೇ ಸ್ಥಾನ.

ಇಲ್ಲಿ ಕಾಂಗ್ರೆಸ್ ಮೋಸ ಮಾಡ್ತು, ಗೌಡ್ರು ದೊಡ್ಡ ಮನಸ್ಸು ಮಾಡಿದ್ರು ಅಂತ ಕಥೆ ಹೇಳೋದು ಸುಲಭ. ನಂಗೆ ಹಾಗೆ ಅನ್ಸಲ್ಲ. ಕಾಂಗ್ರೆಸ್ಸಿಗೆ ಬೇಕಾಗಿದ್ದಿದ್ದು ದತ್ತ ಜೆಡಿಎಸ್‌ನಿಂದ ಹೊರಗೆ ಬರೋದು, ಅದು ಜನವರಿಯಲ್ಲೇ ಸಿಕ್ತು. ಮಾಜಿ ಶಾಸಕರ ಬೆಲೆ ಪಾರ್ಟಿ ಸೇರೋ ದಿನದವರೆಗೆ ಮಾತ್ರ, ಶಾಲು ಹೊದ್ದ ಮರುದಿನದಿಂದ ಅವರು ಲೈನಲ್ಲಿ ನಿಂತಿರೋ ಇನ್ನೊಬ್ಬ ಆಕಾಂಕ್ಷಿ. ಹಳ್ಳಿ ಮಟ್ಟದಲ್ಲಿ ಬೂತ್ ನೋಡ್ಕೊಳ್ಳೋ ಹುಡುಗರು ತಮ್ಮ ಜೊತೆ ಬರ್ತಾರೆ ಅಂತ ತೋರಿಸೋಕಾದ್ರೆ ಮಾತ್ರ ಬೆಲೆ ಉಳಿಯುತ್ತೆ.

ಆ ಹುಡುಗರು ಯಾಕೆ ಬಿಟ್ಟು ಹೋಗ್ತಾರೆ ಅನ್ನೋದು ಗೊತ್ತಾಗ್ಬೇಕಂದ್ರೆ ಶಾಸಕರ ಕೈಲಿ ಏನಿರುತ್ತೆ ಅಂತ ನೋಡ್ಬೇಕು. ಬೆಂಗಳೂರಲ್ಲಿ ಕೂತು ನೋಡೋರಿಗೆ ಶಾಸಕ ಅಂದ್ರೆ ಕಾನೂನು ಮಾಡೋರು. ನಮ್ಮ ತಾಲೂಕುಗಳಲ್ಲಿ ಶಾಸಕ ಅಂದ್ರೆ ಬಗರ್ ಹುಕುಂ ಸಮಿತಿ ಅಧ್ಯಕ್ಷ. ಸರ್ಕಾರಿ ಜಮೀನು ಸಾಗುವಳಿ ಮಾಡ್ಕೊಂಡು ಫಾರಂ 50, 53, 57 ಅಂತ ಅರ್ಜಿ ಹಾಕ್ಕೊಂಡು ಕಾಯ್ತಿರೋ ಕುಟುಂಬಗಳು ಮಲೆನಾಡಲ್ಲೂ ಬಯಲುಸೀಮೇಲೂ ರಾಶಿ ಇವೆ, ಆ ಅರ್ಜಿ ಮೀಟಿಂಗಿಗೆ ಬರ್ಬೇಕಂದ್ರೆ ಶಾಸಕರು ಕೂರ್ಬೇಕು. ಆಶ್ರಯ ಮನೆ ಹಂಚೋ ಸಮಿತಿ ಅವರದೇ, ಡಿಗ್ರಿ ಕಾಲೇಜಿನ ಅಭಿವೃದ್ಧಿ ಸಮಿತಿ ಅವರದೇ, ತಾಲೂಕಿನ ಕೆಲಸಗಳ ಪ್ರಗತಿ ನೋಡೋ ಕೆಡಿಪಿ ಮೀಟಿಂಗಲ್ಲಿ ತಹಸೀಲ್ದಾರರಿಂದ ಹಿಡಿದು ಇಂಜಿನಿಯರುಗಳವರೆಗೆ ಎಲ್ಲರನ್ನೂ ನಿಲ್ಲಿಸಿ ಕೇಳೋರೂ ಅವರೇ. ಜೊತೆಗೆ ವರ್ಷಕ್ಕೆ 2 ಕೋಟಿ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ, ಅದರಲ್ಲಿ ಸಮುದಾಯ ಭವನ, ಸಿಸಿ ರಸ್ತೆ, ಬಸ್ ಶೆಲ್ಟರು. ಅಧಿಕಾರಿಗಳ ವರ್ಗಾವಣೆಗೆ ಕೊಡೋ ಶಿಫಾರಸು ಪತ್ರದ ವಿಷಯ ಬೇರೆ ಹೇಳೋದೇ ಬೇಡ.

ಎಣಿಕೆ ದಿನ ಮಧ್ಯಾಹ್ನಕ್ಕೆ ಇದಷ್ಟೂ ಕೈ ಬಿಟ್ಟು ಹೋಗುತ್ತೆ. ಗನ್‌ಮ್ಯಾನ್ ಹೋಗೋದು ಯಾರಿಗೂ ದೊಡ್ಡ ವಿಷಯ ಅಲ್ಲ, ಬಗರ್ ಹುಕುಂ ಫೈಲು ಹೋಗೋದೇ ವಿಷಯ. ನಿನ್ನೆವರೆಗೆ ಬೆಳಗ್ಗೆ ಏಳಕ್ಕೇ ಮನೆ ಮುಂದೆ ನಿಲ್ತಿದ್ದ ಜನ ಇವತ್ತಿಂದ ಹೊಸ ಶಾಸಕರ ಮನೆ ಮುಂದೆ ನಿಲ್ತಾರೆ. ಇದರಲ್ಲಿ ದ್ರೋಹ ಏನಿಲ್ಲ, ಹಸು ಕಟ್ಟಿರೋ ಮನೇಗೇ ಅಲ್ವಾ ಹಾಲು ಕೇಳೋಕೆ ಹೋಗೋದು. ಮಾಜಿ ಆದವರಿಗೆ ಉಳಿಯೋದು ಮದುವೆ, ತಿಥಿ, ಜಾತ್ರೆ, ಆಸ್ಪತ್ರೆಗೆ ಒಂದು ಫೋನು. ಅದನ್ನ ಐದು ವರ್ಷ ಬಿಡದೆ ಮಾಡೋಕೆ ದುಡ್ಡೂ ಬೇಕು ಆರೋಗ್ಯಾನೂ ಬೇಕು.

ದುಡ್ಡು ಅಂದ ಕೂಡ್ಲೆ ಪೆನ್ಷನ್ ಮಾತು ಬರುತ್ತೆ. 2025ರ ಮಾರ್ಚಲ್ಲಿ ವಿಧಾನಸಭೆಯಲ್ಲಿ ಗಲಾಟೆ ನಡೀತಿದ್ದಾಗಲೇ, ಒಂದೇ ಒಂದು ಗಂಭೀರ ಚರ್ಚೆ ಇಲ್ಲದೆ ಸಂಬಳ-ಪೆನ್ಷನ್ ಬಿಲ್ ಪಾಸಾಯ್ತು ನೋಡಿ, ಬಿಜೆಪಿಯ 18 ಶಾಸಕರನ್ನ ಸಸ್ಪೆಂಡ್ ಮಾಡಿದ್ದೂ ಅವತ್ತೇ. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ, ಮಾಜಿಗಳ ಪೆನ್ಷನ್ 50 ಸಾವಿರದಿಂದ 75 ಸಾವಿರ. ಜನಕ್ಕೆ ಸಿಟ್ಟು ಬಂತು, ಬರೋದು ಸಹಜ, ಮೂವತ್ತು ವರ್ಷ ದುಡಿದ ಎಷ್ಟೋ ಜನಕ್ಕೆ ಪೆನ್ಷನ್ನೇ ಇಲ್ಲ. ಪಂಜಾಬಲ್ಲಿ 2022ರಲ್ಲಿ ಎಷ್ಟು ಸಲ ಗೆದ್ರೂ ಒಂದೇ ಪೆನ್ಷನ್ ಅಂತ ಕಾನೂನು ಮಾಡಿದ್ರು, ನಮ್ಮಲ್ಲಿ ಆ ಮಾತು ಯಾವ ಪಾರ್ಟಿಯವರ ಬಾಯಲ್ಲೂ ಬರಲ್ಲ. ಆದ್ರೆ ರಾಜಕೀಯದ ಲೆಕ್ಕಕ್ಕೆ ಈ ಪೆನ್ಷನ್ ಏನೂ ಅಲ್ಲ. ತಿಂಗಳಿಗೆ 75 ಸಾವಿರ ಅಂದ್ರೆ ಐದು ವರ್ಷಕ್ಕೆ 45 ಲಕ್ಷ, ವಿಧಾನಸಭೆಗೆ ನಿಲ್ಲೋ ಕ್ಯಾಂಡಿಡೇಟ್ ಖರ್ಚು ಮಾಡಬಹುದು ಅಂತ ಚುನಾವಣಾ ಆಯೋಗ ಹಾಕಿರೋ ಮಿತಿನೇ 40 ಲಕ್ಷ. ಆ 40 ಲಕ್ಷದಲ್ಲಿ ಯಾರು ಎಲೆಕ್ಷನ್ ಮಾಡ್ತಾರೆ ಅಂತ ನಿಮಗೂ ಗೊತ್ತು ನಂಗೂ ಗೊತ್ತು. ಹಾಗಾಗಿ ಬೇರೆ ಆದಾಯ ಇಲ್ಲದ ಮಾಜಿ ಶಾಸಕರಿಗೆ ಪೆನ್ಷನ್ ಅನ್ನೋದು ಸಂಸಾರ ನಡೆಸೋಕೆ ಆಗುತ್ತೆ, ವಾಪಸ್ ಬರೋಕೆ ಆಗಲ್ಲ. ತೋಟ, ಕ್ರಷರು, ಕಂಟ್ರಾಕ್ಟು, ಕಾಲೇಜು ಇರೋರು ವಾಪಸ್ ಬರ್ತಾರೆ.

ಪಾರ್ಟಿ ಬದಲಾಯಿಸೋ ವಿಷಯಕ್ಕೆ ಬಂದ್ರೆ, ಪಕ್ಷಾಂತರ ನಿಷೇಧ ಕಾಯ್ದೆ ಇದ್ರೂ ಇಷ್ಟೊಂದು ಜಿಗಿತ ಹೇಗೆ ಅಂತ ಬಹಳ ಜನ ಕೇಳ್ತಾರೆ. 1985ರಲ್ಲಿ ಸಂವಿಧಾನಕ್ಕೆ ಸೇರಿಸಿದ ಹತ್ತನೇ ಪರಿಚ್ಛೇದ ಹಿಡಿಯೋದು ಹಾಲಿ ಸದಸ್ಯರನ್ನ ಮಾತ್ರ. ಮಾಜಿಗಳಿಗೆ ಅದು ಅನ್ವಯ ಆಗಲ್ಲ, ಬೆಳಗ್ಗೆ ಒಂದು ಪಾರ್ಟಿ ಸಾಯಂಕಾಲ ಇನ್ನೊಂದು ಆದ್ರೂ ಯಾರೂ ಕೇಳೋ ಹಾಗಿಲ್ಲ. ಹಾಲಿ ಶಾಸಕರಾದ್ರೂ ಅವಧಿ ಮುಗಿಯೋ ಕೊನೆ ಎರಡು ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೋದ್ರೆ ಕಳ್ಕೊಳ್ಳೋದೇನೂ ಇಲ್ಲ. 2023ರ ಕ್ಯಾಲೆಂಡರ್ ನೋಡಿ, ಜನವರಿಯಲ್ಲಿ ದತ್ತ, ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಆಗಿನ ಶಾಸಕ ಸಿ.ಟಿ. ರವಿ ಜೊತೇಲೇ ಇದ್ದ ಎಚ್.ಡಿ. ತಮ್ಮಯ್ಯ ಬಿಜೆಪಿಯಿಂದ ಕಾಂಗ್ರೆಸ್ಸಿಗೆ, ಮಾರ್ಚ್ ಕೊನೆ-ಏಪ್ರಿಲ್ ಮೊದಲರ್ಧದಲ್ಲಿ ಅರಕಲಗೂಡಿನ ಎ.ಟಿ. ರಾಮಸ್ವಾಮಿ ಜೆಡಿಎಸ್‌ನಿಂದ ಬಿಜೆಪಿಗೆ, ಅರಸೀಕೆರೆಯ ಶಿವಲಿಂಗೇಗೌಡರು ಜೆಡಿಎಸ್‌ನಿಂದ ಕಾಂಗ್ರೆಸ್ಸಿಗೆ, ಟಿಕೆಟ್ ಲಿಸ್ಟ್ ಬಂದ ಮೇಲೆ ಮೂಡಿಗೆರೆಯ ಎಂ.ಪಿ. ಕುಮಾರಸ್ವಾಮಿ ಬಿಜೆಪಿಯಿಂದ ಜೆಡಿಎಸ್‌ಗೆ. ಇವರಲ್ಲಿ ತಮ್ಮಯ್ಯ ಮತ್ತು ಶಿವಲಿಂಗೇಗೌಡ್ರು ಗೆದ್ರು. ಉಳಿದವರ ಕಥೆ ಬೇರೆ.

ಅರಕಲಗೂಡಿನದ್ದಂತೂ ಸಿನಿಮಾಕ್ಕಿಂತ ಹೆಚ್ಚು. 2018ರಲ್ಲಿ ಕಾಂಗ್ರೆಸ್ ಸಚಿವರಾಗಿದ್ದ ಎ. ಮಂಜು ಅವರನ್ನ ಜೆಡಿಎಸ್‌ನ ರಾಮಸ್ವಾಮಿ ಸೋಲಿಸಿದ್ರು. ಮಂಜು 2019ರಲ್ಲಿ ಬಿಜೆಪಿಗೆ ಹೋಗಿ ಲೋಕಸಭೆಗೆ ಪ್ರಜ್ವಲ್ ರೇವಣ್ಣ ವಿರುದ್ಧ ನಿಂತು ಸೋತು, ಪ್ರಜ್ವಲ್ ಆಯ್ಕೆನೇ ಸರಿಯಿಲ್ಲ ಅಂತ ಹೈಕೋರ್ಟಿಗೆ ಹೋದ್ರು. 2023ರಲ್ಲಿ ಅದೇ ಮಂಜು ಜೆಡಿಎಸ್ ಸೇರಿ ಅರಕಲಗೂಡಿಂದ ಗೆದ್ರು, ಅದಾಗಿ ಕೆಲವು ತಿಂಗಳಿಗೆ, ಸೆಪ್ಟೆಂಬರಲ್ಲಿ, ಪ್ರಜ್ವಲ್ ಆಯ್ಕೆ ಅಸಿಂಧು ಅಂತ ಹೈಕೋರ್ಟ್ ತೀರ್ಪು ಬಂತು, ಅಷ್ಟೊತ್ತಿಗೆ ಅರ್ಜಿ ಹಾಕಿದವರೂ ಪ್ರತಿವಾದಿಯೂ ಒಂದೇ ಪಾರ್ಟಿ! ಮಂಜು ಅವರ ಮಗ ಮಂತರ್ ಗೌಡ ಅದೇ ವರ್ಷ ಮಡಿಕೇರಿಯಿಂದ ಕಾಂಗ್ರೆಸ್ ಶಾಸಕ. ಇನ್ನು ರಾಮಸ್ವಾಮಿ, ಬೆಂಗಳೂರಿನ ಸರ್ಕಾರಿ ಭೂಮಿ ಒತ್ತುವರಿ ಬಗ್ಗೆ ಜಂಟಿ ಸದನ ಸಮಿತಿ ಅಧ್ಯಕ್ಷರಾಗಿ 27 ಸಾವಿರ ಎಕರೆಗೂ ಮೀರಿ ಒತ್ತುವರಿ ಅಂತ ವರದಿ ಕೊಟ್ಟವರು, ಬಿಜೆಪಿಗೆ ಹೋಗಿ ಟಿಕೆಟ್ಟೇ ಸಿಗದೆ ಉಳಿದ್ರು. ಒಬ್ಬರು ಪಾರ್ಟಿಯಿಂದ ಪಾರ್ಟಿಗೆ ಹೋಗಿ ಉಳ್ಕೊಂಡ್ರು, ಇನ್ನೊಬ್ಬರು ಒಂದೇ ಸಲ ಹೋಗಿ ಮುಳುಗಿದ್ರು. ಇದರಲ್ಲಿ ನ್ಯಾಯ ಹುಡುಕೋಕೆ ಹೋಗ್ಬೇಡಿ, ಮಂಜು ಜೊತೆ ಅವರ ಸ್ವಂತ ಓಟು ಹೋಯ್ತು, ಕ್ಷೇತ್ರದಲ್ಲಿ ಅವರಿಗಂತಾನೇ ಇರೋ ಜನ ಹೋದ್ರು. ದತ್ತ ಹೋದಾಗ ಓಟು ಗೌಡರ ಹತ್ರನೇ ಉಳೀತು. ವ್ಯತ್ಯಾಸ ಅಷ್ಟೇ.

ಚಿಕ್ಕಮಗಳೂರು ಜಿಲ್ಲೆಯಲ್ಲಿ 2023ರಲ್ಲಿ ಐದಕ್ಕೆ ಐದೂ ಕಾಂಗ್ರೆಸ್ ಆಯ್ತಲ್ಲ, ಅದರಲ್ಲಿ ಎರಡು ಕ್ಷೇತ್ರದ ಅಂತರ ನೋಡಿದ್ರೆ ಸೋತವರಿಗೆ ಈಗಲೂ ನಿದ್ದೆ ಬರಲ್ಲ. ಮೂಡಿಗೆರೆಯಲ್ಲಿ ನಯನಾ ಮೋಟಮ್ಮ ಗೆದ್ದಿದ್ದು 722 ಮತದಿಂದ. ಟಿಕೆಟ್ ಸಿಗದೆ ಹೋದ ಕುಮಾರಸ್ವಾಮಿ ಜೆಡಿಎಸ್‌ನಿಂದ ನಿಂತು ಸಾವಿರಾರು ಓಟು ತಗೊಂಡ್ರು, ತಾವು ಗೆಲ್ಲಲಿಲ್ಲ, ಆದ್ರೆ ಬಿಜೆಪಿ ಗೆಲ್ಲೋದನ್ನೂ ತಪ್ಪಿಸಿದ್ರು. ಅವರಿಗೋಸ್ಕರ ಜೆಡಿಎಸ್ ತನ್ನ ಹಳೇ ಶಾಸಕ ಬಿ.ಬಿ. ನಿಂಗಯ್ಯ ಅವರನ್ನ ಪಕ್ಕಕ್ಕಿಟ್ಟಿತ್ತು, ಲಿಸ್ಟಲ್ಲಿ ಹೆಸರು ಬಂದ ಮೇಲೆ! ಶೃಂಗೇರಿಯಲ್ಲಿ ಇನ್ನೂ ಕಡಿಮೆ, 2023ರ ಎಣಿಕೆಯಲ್ಲಿ ಟಿ.ಡಿ. ರಾಜೇಗೌಡರ ಲೀಡ್ 201. ಎದುರಿಗಿದ್ದವರು ಡಿ.ಎನ್. ಜೀವರಾಜ್, 2004ರಿಂದ ಮೂರು ಸಲ ಸತತ ಗೆದ್ದು, ಸಚಿವರಾಗಿ, 2018ರಲ್ಲಿ ಎರಡು ಸಾವಿರಕ್ಕೂ ಕಮ್ಮಿ ಅಂತರದಲ್ಲಿ ಸೋತು, ಆಮೇಲೆ ಬೊಮ್ಮಾಯಿ ಸಿಎಂ ಆಗಿದ್ದಾಗ ಅವರ ರಾಜಕೀಯ ಕಾರ್ಯದರ್ಶಿ ಆಗಿದ್ದವರು. ಮಾಜಿ ಶಾಸಕ ಹೇಗೆ ಜೀವಂತ ಇರ್ಬೇಕು ಅನ್ನೋದಕ್ಕೆ ಜೀವರಾಜ್ ಒಳ್ಳೆ ಉದಾಹರಣೆ, ಸರ್ಕಾರದಲ್ಲಿ ಒಂದು ಹುದ್ದೆ ಇತ್ತು, ಕ್ಷೇತ್ರ ಬಿಟ್ಟಿರ್ಲಿಲ್ಲ, ಪಾರ್ಟಿ ಬದಲಾಯಿಸ್ಲಿಲ್ಲ. ಅಷ್ಟೆಲ್ಲ ಆಗಿಯೂ 201.

ಹಾಗಾದ್ರೆ ಹಿಂದಿನ ಬಾಗಿಲು? ಅದು ಇದೆ, ವಿಧಾನ ಪರಿಷತ್ತು. 75 ಸೀಟಲ್ಲಿ 25 ಶಾಸಕರೇ ಆರಿಸೋದು, 25 ಸ್ಥಳೀಯ ಸಂಸ್ಥೆಗಳಿಂದ, ಪದವೀಧರ-ಶಿಕ್ಷಕರ ಕ್ಷೇತ್ರದಿಂದ ತಲಾ 7, ನಾಮನಿರ್ದೇಶನ 11. ಸಿ.ಟಿ. ರವಿ ನಾಲ್ಕು ಸಲ ಗೆದ್ದ ಮೇಲೆ 2023ರಲ್ಲಿ 5,926 ಮತದಿಂದ ಸೋತ್ರು, 2024ರ ಜೂನಲ್ಲಿ ಅವಿರೋಧವಾಗಿ ಪರಿಷತ್ತಿಗೆ ಆಯ್ಕೆ ಆದ್ರು, ಅಂದ್ರೆ ಮಾಜಿ ಅಂತ ಕರೆಸ್ಕೊಂಡಿದ್ದು ಒಂದು ವರ್ಷದ ಮೇಲೆ ಸ್ವಲ್ಪ. ಆದ್ರೆ ಆ ಸಲ 11 ಸೀಟಲ್ಲಿ ಬಿಜೆಪಿ ಪಾಲಿಗೆ ಬಂದಿದ್ದು ಮೂರು. ರಾಜ್ಯದ ತುಂಬ ಸೋತು ಕೂತಿದ್ದ ಬಿಜೆಪಿಯವರೆಷ್ಟು, ಸೀಟು ಮೂರು. ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿ ಆಗಿದ್ದವರಿಗೆ ಸಿಗೋ ಬಾಗಿಲು ತರೀಕೆರೆಯ ಡಿ.ಎಸ್. ಸುರೇಶ್‌ಗೋ ಕಡೂರಿನ ಬೆಳ್ಳಿ ಪ್ರಕಾಶ್‌ಗೋ ಸಿಗಲ್ಲ.

ನಿಗಮ-ಮಂಡಳಿನಾದ್ರೂ ಸಿಗುತ್ತಲ್ಲ ಅಂತೀರಾ? ಆಡಳಿತ ಪಾರ್ಟಿಯ ಮಾಜಿಗಳಿಗೂ ಅದು ಈಗ ಕಷ್ಟ. 2024ರ ಜನವರಿಯಲ್ಲಿ ಮೊದಲ ಲಿಸ್ಟ್ ಬಂದಾಗ ದೊಡ್ಡ ದೊಡ್ಡವೆಲ್ಲ ಹಾಲಿ ಶಾಸಕರಿಗೇ ಹೋದ್ವು, ಗೃಹ ಮಂಡಳಿ ಶಿವಲಿಂಗೇಗೌಡರಿಗೆ, ನವೀಕರಿಸಬಹುದಾದ ಇಂಧನ ನಿಗಮ ರಾಜೇಗೌಡರಿಗೆ. ಸಚಿವ ಸ್ಥಾನ ಸಿಗದ ಹಾಲಿಗಳನ್ನ ಸಮಾಧಾನ ಮಾಡೋದರಲ್ಲೇ ಸೀಟು ಖಾಲಿ ಆದ್ರೆ ಸೋತವರನ್ನ ಕೇಳೋರ್ಯಾರು.

ಈಗ ಹಾಸನಕ್ಕೆ ಬನ್ನಿ, ನಿಜವಾದ ಗಂಟು ಇರೋದು ಅಲ್ಲೇ. 2018ರಲ್ಲಿ ಜಿಲ್ಲೆಯ ಏಳು ಸೀಟಲ್ಲಿ ಆರು ಜೆಡಿಎಸ್‌ಗೆ ಹೋದಾಗ ಹಾಸನ ಸಿಟಿ ಒಂದನ್ನ ಬಿಜೆಪಿಗೆ ಗೆದ್ದುಕೊಟ್ಟವರು ಪ್ರೀತಂ ಗೌಡ. ಐದು ವರ್ಷ ಅವರ ರಾಜಕೀಯ ಪೂರ್ತಿ ರೇವಣ್ಣ ಕುಟುಂಬದ ವಿರುದ್ಧ, ತಾಕತ್ತಿದ್ರೆ ಹಾಸನದಲ್ಲಿ ಬಂದು ನಿಲ್ಲಿ ಅನ್ನೋ ಸವಾಲು ಬೇರೆ. 2023ರಲ್ಲಿ ಟಿಕೆಟ್‌ಗಾಗಿ ಗೌಡರ ಮನೆಯಲ್ಲೇ ಜಟಾಪಟಿ ಆಯ್ತು, ರೇವಣ್ಣ ಅವರ ಹೆಂಡತಿ ಭವಾನಿ ಕೇಳಿದ್ರು, ಎಚ್.ಡಿ. ಕುಮಾರಸ್ವಾಮಿ ಒಪ್ಪಲಿಲ್ಲ, ಕೊನೆಗೆ ಸಿಕ್ಕಿದ್ದು ಸ್ವರೂಪ್ ಪ್ರಕಾಶ್‌ಗೆ. ಸ್ವರೂಪ್ ಅಂದ್ರೆ 2018ರಲ್ಲಿ ಪ್ರೀತಂ ಸೋಲಿಸಿದ್ದ, ಅದೇ ವರ್ಷ ತೀರಿಕೊಂಡ ಎಚ್.ಎಸ್. ಪ್ರಕಾಶ್ ಅವರ ಮಗ. 7,854 ಮತದಿಂದ ಪ್ರೀತಂ ಸೋತ್ರು.

ಮಾಮೂಲಿ ಕಾಲದಲ್ಲಾಗಿದ್ರೆ ಇದು ದೊಡ್ಡ ಸಮಸ್ಯೆನೇ ಅಲ್ಲ, ವಯಸ್ಸು ಚಿಕ್ಕದು, ಪಾರ್ಟಿ ಪ್ರಧಾನ ಕಾರ್ಯದರ್ಶಿ ಮಾಡ್ತು, 2028ಕ್ಕೆ ರೆಡಿ ಆಗ್ಬಹುದಿತ್ತು. ಮೈತ್ರಿ ಆದ ಮೇಲೆ ಲೆಕ್ಕ ತಿರುಗಿತು. ಯಾರನ್ನ ಬೈದು ಬೆಳೆದ್ರೋ ಅವರ ಮಗನಿಗೇ ಲೋಕಸಭೆಗೆ ಓಟು ಕೇಳ್ಬೇಕು. ಪ್ರೀತಂ ಕಡೆಯವರು ಮನಸ್ಸಿಟ್ಟು ಕೆಲಸ ಮಾಡ್ಲಿಲ್ಲ ಅಂತ ಜೆಡಿಎಸ್ ಕಡೆಯಿಂದ ಮಾತು ಬಂತು. 2024ರ ಆಗಸ್ಟಲ್ಲಿ ಮೈಸೂರಿಗೆ ಎರಡೂ ಪಾರ್ಟಿ ಸೇರಿ ಪಾದಯಾತ್ರೆ ಮಾಡೋವಾಗ ಪ್ರೀತಂ ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡಿದ್ದಕ್ಕೆ ಕುಮಾರಸ್ವಾಮಿ ಬಹಿರಂಗವಾಗೇ ಸಿಟ್ಟಾದ್ರು. ಒಬ್ಬ ಮಾಜಿ ಶಾಸಕನಿಂದ ರಾಜ್ಯ ಮಟ್ಟದ ಮೈತ್ರಿಗೇ ತಲೆನೋವು ಅಂದ್ರೆ ಆತನಿಗೆ ಬೆಲೆ ಇದೆ ಅಂತಾನೂ ಅರ್ಥ, ಜಾಗ ಇಲ್ಲ ಅಂತಾನೂ ಅರ್ಥ. ಹಾಸನ ಸೀಟು ಹಾಲಿ ಶಾಸಕರ ಪಾರ್ಟಿಗೆ ಅನ್ನೋ ಸೂತ್ರ ಹಿಡಿದ್ರೆ ಪ್ರೀತಂ ಮನೇಲಿ, ಇದೇ ಸೂತ್ರದಲ್ಲಿ ಬೇಲೂರು ಸಕಲೇಶಪುರ ಬಿಜೆಪಿಗೆ ಹೋದ್ರೆ ಅಲ್ಲಿ 2018ರಲ್ಲಿ ಗೆದ್ದಿದ್ದ ಜೆಡಿಎಸ್‌ನ ಕೆ.ಎಸ್. ಲಿಂಗೇಶ್, ಎಚ್.ಕೆ. ಕುಮಾರಸ್ವಾಮಿ ಮನೇಲಿ. ಜಿಲ್ಲೆಯಲ್ಲಿ ಯಾರೂ ಸುಮ್ನೆ ಮನೇಲಿ ಕೂರೋ ಜಾಯಮಾನದವರಲ್ಲ. ಒಂದು ಮೂಲೇಲಿ ನಿಂತು ನೋಡ್ತಿರೋ ಕಾಂಗ್ರೆಸ್ಸಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ.

ನಮ್ಮ ಕಡೆ ಇನ್ನೊಂದು ದಾರಿನೂ ಇದೆ, ತಾವು ಮಾಜಿ ಆದ್ರೂ ಮನೆತನ ಮಾಜಿ ಆಗದೇ ಇರೋದು. 1989ರಲ್ಲಿ ಹೊಳೆನರಸೀಪುರದಲ್ಲಿ ದೇವೇಗೌಡರನ್ನ ಸೋಲಿಸಿದ್ದ ಜಿ. ಪುಟ್ಟಸ್ವಾಮಿಗೌಡ 1999ರಲ್ಲಿ ಹಾಸನ ಲೋಕಸಭೆಯಲ್ಲೂ ಅವರನ್ನೇ ಸೋಲಿಸಿದ್ರು. ಆಮೇಲೆ ಆ ಮನೆಗೆ ಬರೀ ಸೋಲು, ಸೊಸೆ ಅನುಪಮಾ ಅವರು ಎಚ್.ಡಿ. ರೇವಣ್ಣ ಎದುರು ಸೋತ್ರು, ಮೊಮ್ಮಗ ಶ್ರೇಯಸ್ ಪಟೇಲ್ 2023ರಲ್ಲಿ 3,152 ಮತದಿಂದ ಸೋತ್ರು, ಮುಂದಿನ ವರ್ಷ ಲೋಕಸಭೆಗೆ ನಿಂತು ದೇವೇಗೌಡರ ಮೊಮ್ಮಗನನ್ನ 42 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಸೋಲಿಸಿದ್ರು. ಮೂಡಿಗೆರೆಯಲ್ಲಿ ಮೋಟಮ್ಮ ಅವರದ್ದೂ ಹೀಗೆ, 1978ರಲ್ಲೇ ಶಾಸಕಿ, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಹಿಳಾ ಮಕ್ಕಳ ಸಚಿವೆ, ಸ್ತ್ರೀಶಕ್ತಿ ಸಂಘಗಳು ಶುರುವಾಗಿದ್ದು ಆ ಕಾಲದಲ್ಲಿ, ಪರಿಷತ್ತಲ್ಲಿ ವಿರೋಧ ಪಕ್ಷದ ನಾಯಕಿ, ಈಗ ಮಗಳು ಶಾಸಕಿ. ದತ್ತ ಅಂಥವರಿಗೆ ಈ ದಾರಿನೂ ಇಲ್ಲ.

ಹಳೇ ತಲೆಮಾರು ನೆನಪಾಗದೆ ಇರಲ್ಲ. ಮೂಡಿಗೆರೆ ಕಡೆಯ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡ 1978ರಲ್ಲಿ ಇಂದಿರಾ ಗಾಂಧಿಗೆ ಚಿಕ್ಕಮಗಳೂರು ಲೋಕಸಭಾ ಸೀಟು ಬಿಟ್ಟುಕೊಟ್ರು. ಆಮೇಲೆ ಜನತಾ ಪಕ್ಷ, ಪಕ್ಕದ ತೀರ್ಥಹಳ್ಳಿಯಿಂದ ಶಾಸಕ, ಸ್ಪೀಕರ್, 1999ರಲ್ಲಿ ಶೃಂಗೇರಿಯಿಂದ ಗೆದ್ದು ಕಾನೂನು ಸಚಿವ, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದ. ಮೂರು ಪಾರ್ಟಿ, ಮೂರ್ನಾಲ್ಕು ಕ್ಷೇತ್ರ, ಆದ್ರೂ ಜನ ಅವರನ್ನ ಜಿಗಿಯೋರು ಅಂತ ಕರೀಲಿಲ್ಲ, ಯಾಕಂದ್ರೆ ಒಂದು ಕಡೆ ಇಲ್ಲದಿದ್ರೆ ಇನ್ನೊಂದು ಕಡೆ ಹೋಗಿ ಗೆಲ್ಲೋ ಅಷ್ಟು ಹೆಸರಿತ್ತು. ಕೊಪ್ಪದ ಎಚ್.ಜಿ. ಗೋವಿಂದೇಗೌಡರದ್ದು ಇದಕ್ಕೆ ಉಲ್ಟಾ. 1994ರ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಸಚಿವರಾಗಿ ಅಂಕದ ಆಧಾರದ ಮೇಲೆ ಒಂದು ಲಕ್ಷಕ್ಕೂ ಹೆಚ್ಚು ಮೇಷ್ಟ್ರುಗಳನ್ನ ನೇಮಕ ಮಾಡಿದ್ರು. ದುಡ್ಡು ಕೊಡದೆ ಕೆಲಸ ಸಿಕ್ತು ಅಂತ ಹೇಳೋ ಶಿಕ್ಷಕರು ಇವತ್ತಿಗೂ ಪ್ರತಿ ತಾಲೂಕಲ್ಲೂ ಸಿಗ್ತಾರೆ. ಅದಾದ ಮೇಲೆ ಅವರು ಚುನಾವಣಾ ರಾಜಕೀಯ ಬಿಟ್ಟು ಊರಲ್ಲಿದ್ರು, ವಾಪಸ್ ಬರೋಕೆ ಹೆಣಗಾಡ್ಲಿಲ್ಲ.

ಆ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ಇದನ್ನ ಎತ್ತಲಿಲ್ಲ. ಆಗ ಕ್ಷೇತ್ರಗಳ ನಕ್ಷೆ ದಶಕಗಟ್ಟಲೆ ಬದಲಾಗದೆ ಇತ್ತು, ಆಮೇಲೆ ಅದೂ ಬದಲಾಯ್ತು. 2008ರ ಡಿಲಿಮಿಟೇಷನ್ನಲ್ಲಿ, ಅಂದ್ರೆ ಕ್ಷೇತ್ರಗಳ ಗಡಿ ಮರುವಿಂಗಡಣೆಯಲ್ಲಿ, ಬೀರೂರು, ಗಂಡಸಿ ಕ್ಷೇತ್ರಗಳೇ ಮಾಯ ಆದ್ವು, ಮೀಸಲು ಬೇಲೂರಿಂದ ಸಕಲೇಶಪುರಕ್ಕೆ ಹೋಯ್ತು, ಸೋಲದೇನೆ ಮಾಜಿ ಆದವರು ಎಷ್ಟೋ ಜನ. ಬೀರೂರಿಂದ 2004ರಲ್ಲಿ ಗೆದ್ದಿದ್ದ ಎಸ್.ಎಲ್. ಧರ್ಮೇಗೌಡರು ಆಮೇಲೆ ಪರಿಷತ್ತಿನ ದಾರಿ ಹಿಡಿದು ಉಪಸಭಾಪತಿ ಆಗಿದ್ದು ಹೀಗೇನೆ. ಮುಂದೆ ಮತ್ತೆ ಡಿಲಿಮಿಟೇಷನ್ ಬರೋದಿದೆ, ಅದರ ಜೊತೆ 2023ರಲ್ಲಿ ಪಾಸಾದ ಮಹಿಳಾ ಮೀಸಲು ಬಂದ್ರೆ 224ರಲ್ಲಿ ಮೂರನೇ ಒಂದು ಭಾಗ ಹೆಣ್ಮಕ್ಕಳಿಗೆ. ತಮ್ಮ ಕ್ಷೇತ್ರ ಮೀಸಲಾಗಿಬಿಟ್ರೆ ಅನ್ನೋ ಭಯಕ್ಕೆ ಹೆಂಡತಿ, ಸೊಸೆಯರ ಫೋಟೋ ಫ್ಲೆಕ್ಸಲ್ಲಿ ಕಾಣ್ಸೋದು ಜಾಸ್ತಿ ಆದ್ರೆ ಆಶ್ಚರ್ಯ ಪಡ್ಬೇಡಿ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಮಾತ್ರ ಯಾರೂ ಮಾತಾಡದ ಕಡೆಯಿಂದ ಬಿದ್ದಿದೆ. ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗೀತು, ಆಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ, ಬಿಜೆಪಿ ಸರ್ಕಾರ ಮುಂದಕ್ಕೆ ಹಾಕ್ತು, ಕಾಂಗ್ರೆಸ್ ಸರ್ಕಾರನೂ ಅದನ್ನೇ ಮಾಡ್ತು. ಮಾಜಿ ಶಾಸಕ ತನ್ನ ಹಿಂದಿರೋ ಹುಡುಗರಿಗೆ ಕೊಡೋಕೆ ಸಾಧ್ಯ ಇದ್ದಿದ್ದೇ ಜಿ.ಪಂ., ತಾ.ಪಂ. ಟಿಕೆಟ್. ಯಗಟಿ ಹೋಬಳಿಯಲ್ಲೋ ಸಖರಾಯಪಟ್ಟಣದಲ್ಲೋ ನಾಲ್ಕು ಜನರನ್ನ ಗೆಲ್ಲಿಸ್ಕೊಂಡ್ರೆ ಮುಂದಿನ ಸಲ ನಾನಿದ್ದೀನಿ ಅಂತ ಪಾರ್ಟಿಗೆ ತೋರಿಸ್ಬಹುದಿತ್ತು. ಆ ಮೆಟ್ಟಿಲೇ ಕಿತ್ತು ಹಾಕಿದ ಮೇಲೆ ತಾಲೂಕಲ್ಲಿ ಅಧಿಕಾರ ಅಂತ ಇರೋದು ಹಾಲಿ ಶಾಸಕರೊಬ್ಬರ ಕೈಲಿ. ಹಾಲಿಗಳಿಗೆ, ಯಾವ ಪಾರ್ಟಿಯವರೇ ಆಗಿರ್ಲಿ, ಇದು ಹಿತವಾಗೇ ಇದೆ, ಅದಕ್ಕೇ ಸದನದಲ್ಲಿ ಇದರ ಬಗ್ಗೆ ಗಲಾಟೆ ಆಗಲ್ಲ. ಹಾಗಾಗಿ ಕಡೂರಿನಲ್ಲಿ ಮೈತ್ರಿ ಟಿಕೆಟ್ ಯಾರಿಗೆ ಅನ್ನೋದು ಯಗಟಿಯಲ್ಲೂ ತೀರ್ಮಾನ ಆಗಲ್ಲ, ಬೀರೂರಲ್ಲೂ ಆಗಲ್ಲ, ದತ್ತ ಮತ್ತು ಬೆಳ್ಳಿ ಪ್ರಕಾಶ್ ಇಬ್ಬರ ಹತ್ರನೂ ತಮ್ಮ ಬಲ ಎಷ್ಟು ಅಂತ ತೋರಿಸೋಕೆ ನಡುವೆ ಒಂದು ಎಲೆಕ್ಷನ್ ಕೂಡ ಇಲ್ಲ. ಬಿಜೆಪಿಯವರು 2023ರಲ್ಲಿ ಎರಡನೇ ಸ್ಥಾನ ನಮ್ಮದು ಅಂತಾರೆ, ಜೆಡಿಎಸ್‌ನವರು ನಮ್ಮ ಓಟಿಲ್ಲದೆ ನೀವು ಗೆಲ್ಲಲ್ಲ ಅಂತಾರೆ, ಎರಡೂ ನಿಜ.